ಆಮ್ಯಾಲ ಹೇಳ್ತೀನಿ

ಬನಹಟ್ಟಿಯ ನಮ್ಮ ಶೆಡ್ಡಿನಾಗ ಆರು ಮಗ್ಗ.
ಕರೆಂಟು ಬಂತಂದ್ರ ಎಲ್ಲಾರೂ ಕಿವುಡರ.
ಉಂಡಿ ಏನು ಅನ್ನಾಕ ಬಾಯಿಗೆ ಬೆರಳು,
ಎಳಿ ಹರೀತು ಅನ್ನಾಕ ಬೆರಳಿನ ಕತ್ತರಿ,
ಮಾಲಕ ಬಂದ ಅಂದ್ರ ಮೀಸಿ.
ಅಲ್ಲಿ ನಿಂಬೆವ್ವನ ನಮಗೆಲ್ಲಾ ಗುರು,
ಹುಟ್ಟಾ ಕಿವಿ ಕೇಳದಾಕಿ,
ನನ್ನ ಗಂಡನ ಅಕ್ಕ.
ಓಣಿ ಸುದ್ದಿ ಮೊದಲು ಆಕಿ ಕೈಯಾಗ ಬರತಿತ್ತು,
ನಕ್ಕು ನಕ್ಕು ನಾ ಕಂಡಿಕಿ ಬದಲಿಸೂದು ಮರೀತಿದ್ದೆ.

ಕರೆಂಟು ಹೋತಂದ್ರ
ನಮಗ ಬಾಯಿ ಬರತಿತ್ತು.
ಕೈ ಸೆರಗಿನಾಗ ಸೇರತಿದ್ದವು.

ಲಗ್ನ, ಕುಬಸ, ಮನಿ ಒಕ್ಕಲ:
ಪಂಗತಿಯಾಗ ಆಕಿ ನನ್ನ ಬಾಜೂನ ಕೂಡಾಕಿ.
ಮಂದಿ ಬಿದ್ದು ಬಿದ್ದು ನಕ್ಕಾಗ
ಮೊಣಕೈಲೆ ತಿವಿದು ಕೇಳಾಕಿ, ಏನಾತು?
ಆಮ್ಯಾಲ ಹೇಳ್ತೀನಿ ಅಂತ ಕೈ ಮಾಡಿ
ನಾ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳಾಕಿ.
ಹನ್ನೊಂದು ವರ್ಷದ ಆಮ್ಯಾಲಗಳು
ಎಷ್ಟು ಬಾಕಿ ಅದಾವೋ.
ಆಕಿನೂ ನಗತಿದ್ಲು, ಎಲ್ಲಾರ ಮಾರಿ ನೋಡಿ,
ಒಂದು ಗಳಿಗಿ ತಡಾ.

ಮೈದುನನ ಮೂರು ಕೂಸಿಗೆ ಹೆಸರಿಟ್ರು.
ಸೋದರತ್ತಿ ಆಕಿನ, ಖರೆ.
"ಕಿವಿಯಾಗ ಹೆಸರು ಹೇಳಬೇಕಲ್ಲ, ಇದರ ಬಾಯಿ..."
ಅಂದಾಕಿ ಬ್ಯಾರೆ ಯಾರೂ ಅಲ್ಲ, ಹಡದಾಕಿ.
ತೇರದಾಳದಿಂದ ದೊಡ್ಡಪ್ಪನ ಮಗಳು ಬಂದ್ಲು.
ನಿಂಬೆವ್ವಗ ಗುಗ್ಗರಿ ಹಂಚೂ ಕೆಲಸ.
ಬುಟ್ಟಿ ಕೊಟ್ಟಾಕಿ ನಾನ.

ಈ ಸಲ ತೊಟ್ಟಿಲಾಗ ನನ್ನ ಮಗಳು.
ಅತ್ತಿ ತೇರದಾಳಕ್ಕ ಫೋನ್ ಹಚ್ಚಿದ್ಲು.
ಹದಿಮೂರು ದಿನದ ಬಾಣಂತಿ ಮಾತು ಯಾರು ಕೇಳತಾರ?
ಮಾತಾಡಲಿಲ್ಲ.
ಗುಗ್ಗರಿ ಬುಟ್ಟಿ ಕಸಗೊಂಡೆ,
ಕೂಸಿನ್ನ ಆಕಿ ತೊಡಿ ಮ್ಯಾಲ ಹಾಕಿದೆ.
ಜೋಗುಳ ನಿಂತಿತು. ಯಾರೋ ಕೆಮ್ಮಿದ್ರು.

ನಿಂಬೆವ್ವ ಬಾಳ ಹೊತ್ತು ನೋಡಿದ್ಲು,
ನೂಲಿನ ದ್ವಾಷ ಹುಡುಕುವಾಗ ನೋಡಿದಂಗ.
ಆಮ್ಯಾಲ ಕೂಸಿನ ಗದ್ದಕ್ಕ ಬೆರಳಿಟ್ಟು
ತುಸು ತಿರುವಿದ್ಲು.
ಅಲ್ಲೊಂದು ಕುಳಿ ಇತ್ತು.
ಹದಿಮೂರು ದಿನ ಹಾಲು ಕುಡಿಸಿದ ನಾ ನೋಡಿರಲಿಲ್ಲ.

ಶೆಡ್ಡಿನ ಹೆಣ್ಣಮಕ್ಕಳು ಗದ್ದ ತಿರುವಿದ್ರು, ಒಬ್ಬೊಬ್ಬರ.
ಕುರ್ರ್ ಅಂತ ಸೋದರತ್ತಿ ಬೆನ್ನಿಗೆ ಗುದ್ದು ಬಿದ್ದವು,
ಹಳೇ ಮೂರು ಕೂಸಿನ ಬಡ್ಡಿನೂ ಸೇರಿ.
ಗುದ್ದು ಕೇಳಾಕ ಕಿವಿ ಬೇಕಿಲ್ಲ.
ಆಕಿ ನಕ್ಕಿದ್ದು
ನಮಗಿಂತ ಮೊದಲ.

ಕಾಗದದಾಗ ಸಮೃದ್ಧಿ ಅಂತ ಬರಸ್ಯಾರ.
ಅತ್ತಿ ಹಂಗ ಕರೀತಾಳ, ಜೋರಾಗಿ.

ಅವತ್ತು ಪಂಗತಿಯಾಗ ನಗಿ ಎದ್ದಿತು.
ಮೊಣಕೈ ತಿವೀತು.
ಎದ್ದು ಕೈ ತೊಳದು ಬಂದೆ,
ಹೇಳಾಕ ಎರಡೂ ಕೈ ಬೇಕು.
ಹೇಳಿ ಮುಗಸೂದರಾಗ ಹುಗ್ಗಿ ಆರಿತ್ತು.
ಆಕಿ ಮಾರಿ ಗಂಟ ಹಾಕಿದ್ಲು:
ಇಷ್ಟಕ್ಕ ನಕ್ಕರೇನು?