ಜವರಮ್ಮನ ಬಸ್ಸಿನಲ್ಲಿ ಒಂದು ನಿಂಬೆಹಣ್ಣು

ಹಾಸನದಿಂದ ಚಿಕ್ಕಮಗಳೂರಿಗೆ ಅರವತ್ತು ಕಿಲೋಮೀಟರು, ಎರಡು ಗಂಟೆ.
ಭಾಗಿಸಿದರೆ ಮೂವತ್ತು.
ಟ್ರಿಪ್ ಶೀಟಿಗೆ ಇಷ್ಟು ಸಾಕು.
ಹದಿನಾಲ್ಕು ವರ್ಷ ಸೀಟುಗಳ ನಡುವೆ ನಿಂತೇ ಬಂದವಳು ನಾನು,
ಕೇಳಿ: ಈ ಬಸ್ಸು ಮೂವತ್ತರಲ್ಲಿ ಓಡಿದ್ದು ಎಷ್ಟು ಹೊತ್ತು?
ಅರವತ್ತಕ್ಕೆ ಏರುವಾಗ ಒಂದು ಗಳಿಗೆ,
ಇಳಿಯುವಾಗ ಒಂದು ಗಳಿಗೆ.
ಸರಾಸರಿ ಅನ್ನೋದು
ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ
ಹತ್ತದೇ ಹೋದವನ ಹಾಗೆ.

ನಿರ್ವಾಣಪ್ಪ ಮೇಷ್ಟ್ರು ಹಗರೆಯಲ್ಲಿ ಹತ್ತುತ್ತಾರೆ,
ಬೇಲೂರಿನ ಕಾಲೇಜಿನಲ್ಲಿ ಗಣಿತ.
ಪಿಯುಸಿಯಲ್ಲಿ ನಾನು ಡುಮ್ಕಿ ಹೊಡೆದದ್ದು ಇದೇ ಲೆಕ್ಕಕ್ಕೆ ಅಂತ ತಿಳಿದು
"ಜವರಮ್ಮ ಅಂತ ಹೆಸರಿಟ್ಕೊಂಡು ಜವ ಗೊತ್ತಿಲ್ವೇನಮ್ಮ?" ಅಂದರು.
ಜವ ಅಂದರೆ ವೇಗ. ಅದು ಪುಸ್ತಕದಲ್ಲಿ.
ನಮ್ಮ ಹಟ್ಟಿಯಲ್ಲಿ ಜವ ಅಂದರೆ ಯಮ.
ಮೊದಲೆರಡು ಕೂಸು ಹೋದ ಮೇಲೆ ಹುಟ್ಟಿದವಳಿಗೆ
ಅವನ ಹೆಸರನ್ನೇ ಕಟ್ಟಿದರು,
ತನ್ನ ಹೆಸರಿನವಳನ್ನು ತಾನೇ ಒಯ್ಯಲಾರ ಎಂದು.

ಮೇಷ್ಟ್ರು ಟಿಕೆಟ್ಟಿನ ಬೆನ್ನಿಗೆ ಗೀಚಿದರು:
ಈ ಕಲ್ಲಿಂದ ಆ ಕಲ್ಲಿಗೆ ಎಷ್ಟು ಹೊತ್ತು?
ಕಲ್ಲುಗಳನ್ನು ಹತ್ತಿರ ತಾ. ಇನ್ನೂ ಹತ್ತಿರ.
ಒಂದು ಮಾರು, ಒಂದು ಗೇಣು, ಒಂದು ಬೆರಳು, ಒಂದು ಕೂದಲು.
ದೂರವೂ ಸವೆಯುತ್ತೆ, ಹೊತ್ತೂ ಸವೆಯುತ್ತೆ,
ಭಾಗಿಸಿದಾಗ ಬಂದದ್ದು ಮಾತ್ರ ಸವೆಯದೆ ಉಳಿಯುತ್ತೆ.
ಅದು ಈ ಕ್ಷಣದ ವೇಗ.
ವೇಗವನ್ನೂ ಹೀಗೇ ಅರೆದರೆ ವೇಗೋತ್ಕರ್ಷ.
"ಅವಕಲನ" ಅಂದರು.
"ಬೇಲೂರು, ಇಳೀರಿ" ಅಂದೆ.

ಅರ್ಥವಾದದ್ದು ಆಮೇಲೆ, ಒಂದು ಸಂತೆಯ ದಿನ.
ಸೊನ್ನೆ ಟಿಕೆಟ್ಟಿನ ಮುದುಕಿಯೊಬ್ಬಳ ಚೀಲದಿಂದ
ನಿಂಬೆಹಣ್ಣೊಂದು ಜಾರಿತು.
ಬಸ್ಸು ಹೊರಟರೆ ಅದು ಹಿಂದಕ್ಕೆ, ಬ್ರೇಕಿಗೆ ಮುಂದಕ್ಕೆ,
ಮುಳ್ಳು ನಲವತ್ತು ಬಿಟ್ಟು ಕದಲದಿದ್ದರೂ ತಿರುವಿನಲ್ಲಿ ಪಕ್ಕಕ್ಕೆ.
ನೆಟ್ಟಗಿನ ರಸ್ತೆಯಲ್ಲಿ, ಪೂರಾ ಅರವತ್ತರಲ್ಲಿ,
ಹರಕೆ ಹೊತ್ತಂತೆ ಸುಮ್ಮನೆ.
ಎಷ್ಟು ಜೋರು ಎಂಬುದು ಅದಕ್ಕೆ ಗೊತ್ತೇ ಇಲ್ಲ,
ಬದಲಾದದ್ದಷ್ಟೇ ಗೊತ್ತು.
ನನ್ನ ಪಾದಗಳಿಗೂ ಗೊತ್ತಿದ್ದದ್ದು ಅಷ್ಟೇ,
ಹೆಸರೊಂದು ಇರಲಿಲ್ಲ.

ಮುದುಕಿ ಇಳಿದುಹೋದಳು, ಹಣ್ಣು ಉಳಿಯಿತು.
ಡ್ರೈವರ್ ಇನಾಯತಣ್ಣನಿಗೆ ಅವತ್ತಿಂದ ಹಟ:
ನಿಂಬೆ ಕದಲದ ಹಾಗೆ ಬಸ್ಸು ನಿಲ್ಲಿಸಬೇಕು.
ಆಗೋದಿಲ್ಲ ಅಂದರು ಮೇಷ್ಟ್ರು,
ನಿಲ್ಲೋದು ಅಂದರೇನೇ ಬದಲಾಗೋದು,
ನಿಧಾನಕ್ಕೆ ಬದಲಾಗಬಹುದು, ಬೇಕಾದರೆ.
ಇನಾಯತಣ್ಣ ಒಲೆಯಿಂದ ಹಾಲಿನ ಪಾತ್ರೆ ಇಳಿಸುವಂತೆ
ಬ್ರೇಕು ಒತ್ತತೊಡಗಿದ.

ಯಗಚಿ ಸೇತುವೆಯ ಹತ್ತಿರ, ಸೈಕಲ್ಲಿನ ಹಳೇ ಟೈರು ಓಡಿಸುತ್ತ
ಒಬ್ಬ ಹುಡುಗ ಅಡ್ಡ ಬಂದ.
ಹಾಲಿನ ಲೆಕ್ಕ ಅಲ್ಲಿಗೆ ಮುಗಿಯಿತು.
ಐವತ್ತು ಸೊನ್ನೆಯಾಯಿತು.
ನಾನು ಗೇರ್ ಬಾಕ್ಸಿನ ಮೇಲೆ. ಚಿಲ್ಲರೆಯೆಲ್ಲ ನನಗಿಂತ ಮುಂದೆ.
ಟೈರು ಮಾತ್ರ ತನ್ನ ಪಾಡಿಗೆ ಉರುಳಿ ಆಚೆ ದಾಟಿತು.
ಹುಡುಗನೂ ಸೊನ್ನೆ, ನಾವೂ ಸೊನ್ನೆ,
ನಡುವೆ ಒಂದು ಗೇಣು.
ಆ ಗೇಣಿನೊಳಗೆ ಜವ ನಿಂತಿದ್ದ,
ಪುಸ್ತಕದವನೋ ಹಟ್ಟಿಯವನೋ, ಇಬ್ಬರೂನೋ.

ಇನಾಯತಣ್ಣ ಬಗ್ಗಿ ಕಾಲ ಬುಡದಿಂದ ನಿಂಬೆಹಣ್ಣು ಎತ್ತಿದ.
ಬ್ರೇಕಿನ ಪೆಡಲಿಗೆ ಒಂದು ಬೆರಳು ದೂರಕ್ಕೆ ಬಂದು ನಿಂತಿತ್ತು.
ನನ್ನ ಮುಖ ನೋಡಿದ. ನಾನು ಅವನ ಮುಖ.
ಕಿಟಕಿಯಿಂದ ಹೊಳೆಯ ಕಡೆಗೆ ಎಸೆದ.
ಹಣ್ಣು ಮೇಲೆ ಹೋಗಿ,
ಇನ್ನು ಮೇಲಕ್ಕಿಲ್ಲ ಅನ್ನುವಲ್ಲಿ ಒಂದು ಕ್ಷಣ ನಿಂತಿತು.
ನಿಂತಾಗಲೂ ಸೆಳೆತ ಬಿಟ್ಟಿರಲಿಲ್ಲ.
ಬಿತ್ತು.

ಚಿಕ್ಕಮಗಳೂರು, ಹನ್ನೊಂದು ಗಂಟೆ ಎಂಟು ನಿಮಿಷ.
ತಡಕ್ಕೆ ಕಾರಣ ಬರೆಯುವ ಜಾಗದಲ್ಲಿ
"ಹುಡುಗ" ಎಂದು ಬರೆದು, ಹೊಡೆದು ಹಾಕಿ,
"ರಸ್ತೆ" ಎಂದು ಬರೆದೆ.