ಮೂರನೇ ನಂಬರ್

ಎರಡನೇ ಶನಿವಾರ ಬಂದರೆ ಅಕ್ಕನ ಮನೆ.
ಕೋಲಾರದಿಂದ ಚಿಂತಾಮಣಿವರೆಗೂ ಬಸ್ಸಲ್ಲಿ ನಿಂತೇ ಬಂದು
ಇಳಿಯುವಾಗ ನೋಡಿದರೆ, ಚೀಲದ ತಳದಲ್ಲಿ
ಬಾಳೆಹಣ್ಣಿನ ಚಿಪ್ಪು ಚಪ್ಪಟೆ.
"ಬರ್ತಾ ರಸಾಯನ ಮಾಡ್ಕೊಂಡೇ ಬಂದ್ಯಾ?" ಅಂದಳು ಸುಗುಣಕ್ಕ.

ಬಯ್ಯಾರೆಡ್ಡಿ ಭಾವನ ಕೈ ಸುಮ್ಮನಿರುವುದಲ್ಲ.
ಯುಗಾದಿಗೆ ಮೀನಿನ ತೊಟ್ಟಿ ಇಟ್ಟರು,
ಬೆಕ್ಕು ದಪ್ಪವಾಯಿತು.
ಮಳೆಗಾಲಕ್ಕೆ ಮೌತ್ ಆರ್ಗನ್:
ಒಂದೇ ಹಾಡು, ಅದೂ ಅರ್ಧ,
ಉಳಿದರ್ಧ ಎದುರುಮನೆ ನಾಯಿಯ ಪಾಲು.
ಈಗ ಅವರೆಕಾಯಿ ಕಾಲ.
ಈಗ ಟ್ರಿಮ್ಮರ್.

ಮಹಡಿ ಮೇಲೆ ಟೊಮೆಟೊ ಕ್ರೇಟು ಬೋರಲು ಹಾಕಿ
ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಕತ್ತರಿಸಿ
ಕತ್ತಿಗೆ ಕಟ್ಟಲು ಅಂಚಿಗೆ ಲಾಡಿಯನ್ನೂ ಹೊಲಿದಿದ್ದರು.
ಮೊದಲು ಸಿಕ್ಕಿದ್ದು ನನ್ನ ಮಗ ಲೋಹಿತ್.
ಅವನ ಮಡಿಲಲ್ಲಿ ಮುಖಂಡರೊಬ್ಬರು
ತಲೆಕೆಳಗಾಗಿ ಕೈಮುಗಿದು ನಗುತ್ತಿದ್ದರು.
"ಎಷ್ಟನೇ ನಂಬರ್ ಹಾಕಲಿ?"
"ಮೂರು," ಅಂದ,
ಮಗ್ಗಿ ಕೇಳಿದಾಗಿನ ಅದೇ ದನಿಯಲ್ಲಿ.

ಈಚೆ ನಾನೂ ಅಕ್ಕನೂ ನೆನೆದ ಕಾಳು ಹಿತುಕುತ್ತ,
ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಎಲ್ಲೋ.
ಅಲ್ಲಿ ಕೂದಲು, ಇಲ್ಲಿ ಬೇಳೆ,
ಎರಡನ್ನೂ ಬೆರೆಸಲು ಹೊಂಚುವ ಗಾಳಿ.
ಅಕ್ಕನ ಅತ್ತೆ ಕೆಳಗಿಂದ ತೆಲುಗಿನಲ್ಲಿ ಬೈದರೆ
ಬೈಗುಳ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕನ್ನಡವಾಗುತ್ತಿತ್ತು.

ಎಡಗಡೆ ಮುಗಿದಿತ್ತು. ಬಲಗಡೆಗೆ ತಿರುಗಬೇಕು, ಕರೆಂಟು ಹೋಯಿತು.
ಜುಯ್ಯೆನ್ನುತ್ತಿದ್ದದ್ದು ಕಿವಿಯ ಮೇಲೇ ಸತ್ತಿತು.
ಚಾರ್ಜಿಗೆ ಹಾಕಲು ಮರೆತು ವೈರು ಸಿಕ್ಕಿಸಿಯೇ ನಡೆಸುತ್ತಿದ್ದರಂತೆ.
ಎಲ್ಲರೂ ಭಾವನ ಮುಖ ನೋಡಿದೆವು.
ಲೈನ್‌ಮ್ಯಾನ್ ಮನೆ ಸ್ವಾಮಿ, ಇದು.
ಆಗಲೇ ಅವರ ಫೋನು.
ರಜೆ ಅಂದರು. ರಜೆ ಇದೆ ಸಾರ್ ಅಂದರು.
ಆಮೇಲೆ ಚಪ್ಪಲಿ ಹುಡುಕಿದರು.

ಅರ್ಧ ತಲೆಯ ಮಗ ನಾನೂ ಬರ್ತೀನಿ ಅಂದ.
ಟವಲು ಸುತ್ತಿ ಗಾಡಿ ಹಿಂದೆ ಕೂರಿಸಿಕೊಂಡು ಹೋದರಂತೆ,
ತಿರುವಿನಲ್ಲಿ ಟವಲು ಹಾರಿಹೋಯಿತಂತೆ,
ಟೀ ಅಂಗಡಿಯವನು "ಹರಕೆಯಾ ರೆಡ್ಡಿಗಾರು?" ಅಂದನಂತೆ,
"ಹೂಂ, ಒಂದು ಕಂತು ಕಟ್ಟಿದೀವಿ" ಅಂದರಂತೆ ಭಾವ.

ಯಾರದೋ ಒದ್ದೆ ಪಂಚೆ ಹಾರಿ ತಂತಿಗೆ ಸುತ್ತಿಕೊಂಡಿತ್ತು.
ಕಂಬದ ಮೇಲೆ ಅವರು, ಕೆಳಗೆ ಇವನು,
ಕತ್ತು ನೋಯುವ ತನಕ ಮೇಲೆ ನೋಡುತ್ತ.

ಕರೆಂಟು ಬಂದಾಗ ಆರರ ಬಸ್ಸು ಹೋಗಿತ್ತು.
ಆಮೇಲೂ ಬಸ್ಸಿತ್ತು.
ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಅವಸರದಲ್ಲಿ ಬಾಚಣಿಗೆ ಬದಲಾಗಿ
ಮಗನ ಬಲಗಡೆ ಎರಡನೇ ನಂಬರ್ ಆಗಿಹೋಯಿತು.

ಹಿತುಕಿದ ಬೇಳೆ ಸಾರಿನಲ್ಲಿ ಮುದ್ದೆ ಹೊರಳಿಸಿ ಉಂಡು
ಮಕ್ಕಳು ಚಾಪೆ ತುಂಬ ಅಡ್ಡಾದಿಡ್ಡಿ ಬಿದ್ದ ಮೇಲೆ
ನೀರು ಕುಡಿಯಲು ಎದ್ದೆ. ಮಹಡಿಯಲ್ಲಿ ಇನ್ನೂ ದೀಪ.
ನಾಲ್ಕು ಮೆಟ್ಟಿಲು ಹತ್ತಿದೆ, ಆರಿಸಿ ಬರೋಣವೆಂದು.
ಅಕ್ಕ ಅದೇ ಕ್ರೇಟಿನ ಮೇಲೆ, ಜಡೆ ಬಿಚ್ಚಿ.
"ಒಂದಂಗುಲ. ಎಳೆ ಹೆಚ್ಚಾದರೂ ನೋಡಿ ಮತ್ತೆ."
ಭಾವನ ಕೈಯಲ್ಲಿ ಮಿಷನ್ ಇರಲಿಲ್ಲ, ಅಕ್ಕನ ಹೊಲಿಗೆ ಕತ್ತರಿ.
ಹನ್ನೊಂದು ಕೆ.ವಿ. ತಂತಿಯ ಜೊತೆ ಮಾತಾಡುವ ಆ ಕೈ
ಕೂದಲ ತುದಿ ಹಿಡಿದು ನಡುಗುತ್ತಿತ್ತೋ,
ನನಗೆ ನಿದ್ದೆಗಣ್ಣೋ.
ನೀರು ಕುಡಿಯದೆಯೇ ಬಂದು ಮಲಗಿದೆ.

ಸೋಮವಾರ ಶಾಲೆಯಲ್ಲಿ ಮಿಸ್ಸು, ಏನೋ ಇದು ತಲೆ ಅಂದರಂತೆ.
ಇವನು ಎದ್ದು ನಿಂತು
"ನಮ್ಮ ದೊಡ್ಡಪ್ಪ ಕಂಬ ಹತ್ತಿ ಕಟಿಂಗ್ ಮಾಡ್ತಾರೆ ಮಿಸ್."

ಎರಡು ಸಲ ಒಗೆದರೂ ಕಾಲರಿನಲ್ಲಿ ಚೂರು ಕೂದಲು ಚುಚ್ಚುತ್ತದೆ.
ಅದನ್ನೇ ಬಿಡಿಸುತ್ತ ಕೂತಿದ್ದೆ, ಅಕ್ಕನ ಫೋನು:
ಮುಂದಿನ ಸಲ ಹುಡುಗನಿಗೆ
ತುಂಬುತೋಳಿನ ಅಂಗಿ ಹಾಕ್ಕೊಂಡು ಕರ್ಕೊಂಡ್ ಬಾ,
ಇವರು ಜೇನುಪೆಟ್ಟಿಗೆ ತಂದಿದಾರೆ.