ಹಿಮ್ಮಡಿ

ಗುರುವಾರ ರಾತ್ರಿ, ಸೊಹಾರ್. ರಿಫೈನರಿಯ ಬೆನ್ನಿಗೆ ನಮ್ಮ ಕ್ಯಾಂಪು.
ಮೆಸ್ಸಿನ ಗೋಡೆಗೆ ಎರಡು ಬೆಡ್‌ಶೀಟು ಸೇರಿಸಿ ಹೊಲಿದ ಪರದೆ,
ಹೊಲಿಗೆ ಸರಿಯಾಗಿ ಹೀರೋನ ಮೂಗಿನ ಮೇಲೆ.
ಅವನಿಗೀಗ ಮೂರು ಗುಂಡು ಬಿದ್ದಿವೆ.
ಒಂದು ಭುಜಕ್ಕೆ, ಅದನ್ನು ಬಿಡಿ.
ಒಂದು ತೊಡೆಗೆ. ಇನ್ನೊಂದು, ನಾನು ಕಂಡಂತೆ,
ಪಿತ್ತಕೋಶದ ಆಸುಪಾಸಿಗೆ.
ಆಮೇಲೆ ನಾಲ್ಕನೇ ಮಹಡಿಯಿಂದ
ಕೆಳಗಿದ್ದ ಟೊಮೇಟೊ ಗಾಡಿಗೆ.

ಎದ್ದ. ಕೆಂಪಗಿದ್ದ. ರಕ್ತವೆಷ್ಟು, ಟೊಮೇಟೊ ಎಷ್ಟು,
ಗೊತ್ತಾಗಲಿಲ್ಲ.
ಅಂಗಿಯ ತೋಳು ಹರಿದು ತೊಡೆಗೆ ಬಿಗಿದ,
ಗಂಟು ಮಾತ್ರ ಚೆನ್ನಾಗಿತ್ತು,
ಹದಿನಾಲ್ಕು ಜನರನ್ನು ಹೊಡೆದ.

ಈ ಕಂಪನಿಯ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ
ಗಾಯ ತೊಳೆದು ಕಟ್ಟುವವನು ನಾನು. ಬಾಯಿ ಸುಮ್ಮನಿರಲಿಲ್ಲ.
"ಮೈಯಲ್ಲಿರುವುದೇ ಐದು ಲೀಟರು ಕಣ್ರಯ್ಯ,
ಆ ನೀರಿನ ಕ್ಯಾನಿನ ಕಾಲುಭಾಗ.
ತೊಡೆಯ ದೊಡ್ಡ ನಾಳ ಹರಿದರೆ
ಒಂದು ಲೋಟ ಚಹಾ ಆರುವುದರೊಳಗೆ ಮುಗಿಯಿತು."
ಇಸುಬು ತಿರುಗಿ ನೋಡಿದ:
"ಆರುವ ಮೊದಲು ನೀವು ಚಾ ಕುಡೀರಿ ಮಾರಾಯ್ರೆ,
ನಮಗೆ ಪಿಚ್ಚರು ನೋಡ್ಲಿಕ್ಕೆ ಬಿಡಿ."

"ಭೀಷ್ಮ ಇರಲಿಲ್ವಾ?" ಮೂಲೆಯಿಂದ ಪೇಂಟರ್ ಕೊಗ್ಗಣ್ಣ,
"ಮೈತುಂಬ ಬಾಣ, ಉತ್ತರಾಯಣದವರೆಗೆ ಜೀವ."
ಜೀವ ಇತ್ತು, ಒಪ್ಪಿದೆ. ಆದರೆ ಮಲಗಿದ್ದ.
ದಿಂಬು ಕೇಳಿದ. ನೀರು ಕೇಳಿದ.
ನಮ್ಮ ಹಳಬರಿಗೆ ಮೈಯ ಲೆಕ್ಕ ಗೊತ್ತಿತ್ತು:
ದೇವರೇ ಆದರೂ ಅಂಗಾಲಿಗೆ ಒಂದೇ ಬಾಣ,
ಅದೂ ಬೇಡನೊಬ್ಬ ಜಿಂಕೆಯ ಕಿವಿಯೆಂದು ತಪ್ಪು ತಿಳಿದದ್ದು.

ಮುಂದಿನ ಸಾಲಿನಲ್ಲಿ ದೇವಿಂದ್ರಪ್ಪ, ಶಹಾಪುರದ ಕಡೆಯವನು,
ಪ್ಲಾಸ್ಟರಿನ ಕಾಲನ್ನು ಅಕ್ಕಿಚೀಲದ ಮೇಲಿಟ್ಟು ಕೂತಿದ್ದ.
ಅವನು ಬಿದ್ದದ್ದು ಆರಡಿಯಿಂದ. ಆರೇ ಅಡಿ.
ಸ್ಕ್ಯಾಫೋಲ್ಡಿಂಗಿನ ಮೊದಲ ಹಲಗೆ.
ಬಿದ್ದದ್ದೂ ಅಲ್ಲ, ಹಾರಿದ್ದು,
ಊಟದ ಸೈರನ್ ಆಗಿತ್ತು.
ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆ
ಕಾಲಡಿ ಸಿಕ್ಕ ಹಪ್ಪಳ.

ಅವನೂ ಎದ್ದ. ಅದಕ್ಕೆ ನಾನೇ ಸಾಕ್ಷಿ.
ಗೋಡೆ ಹಿಡಿದು ಕ್ಲಿನಿಕ್ಕಿಗೆ ಬಂದ,
ಬೂಟಿನೊಳಗೆ ಕಾಲು ಬಾತು ಕಳಚಲು ಬರುತ್ತಿಲ್ಲ,
ಕತ್ತರಿ ಎತ್ತಿಕೊಂಡರೆ ಕೈ ಹಿಡಿದ:
"ಬೂಟ್ ಕೊಯ್ಯಬ್ಯಾಡ್ರಿ ಸರ, ರೊಕ್ಕ ಹಿಡೀತಾರ."
ಅಷ್ಟರಲ್ಲಿ ಫೋನು. ಹೆಂಡತಿ.
"ಏನೂ ಆಗಿಲ್ಲ ಬಿಡು, ಉಣ್ಲಾಕ ಕುಂತೀನಿ."
ಒಂದಕ್ಷರ ತಡವರಿಸಲಿಲ್ಲ.
ನಾನು ಕತ್ತರಿ ಹಿಡಿದೇ ನಿಂತಿದ್ದೆ.

ಪ್ರೊಜೆಕ್ಟರು ಕಾದಿತ್ತು, ಹತ್ತು ನಿಮಿಷ ಆರಿಸಬೇಕಿತ್ತು.
"ನೀನೇ ಹೇಳು ದೇವಿಂದ್ರಪ್ಪ, ನಂಬಬಹುದಾ ಇದನ್ನ?"
ಬಹಳ ಹೊತ್ತು ಬಿಳಿ ಪರದೆ ನೋಡಿದ.
"ಗುಂಡು ನಂಬತೀನ್ರಿ. ಟೊಮೇಟೊನೂ ನಂಬತೀನಿ.
ಮರುದಿನ ಅವಂಗ ಡ್ಯೂಟಿ ಇಲ್ಲ ನೋಡ್ರಿ,
ಅದು ನಂಬ್ಲಾಕ ಆಗವಲ್ದು."

ಮೆಸ್ಸಿಗೆ ಮೆಸ್ಸೇ ನಕ್ಕಿತು. ನಾನೂ ನಕ್ಕೆ.
ಕಿಸೆಯಲ್ಲಿ ಕ್ಲಿನಿಕ್ಕಿನ ಕೀಲಿಕೈ ಇತ್ತು.
ಅಲ್ಲಿ ಮೇಜಿನ ಖಾನೆಯಲ್ಲಿ ನೀಲಿ ಶಾಯಿಯ ಒಂದು ಮೊಹರು:
ಕೆಲಸಕ್ಕೆ ಯೋಗ್ಯ.
ಸಹಿ ಡಾಕ್ಟರದ್ದು, ಒತ್ತುವ ಕೈ ನನ್ನದು.
ಸೊಂಟ ಹಿಡಿದವನು, ಬಿಸಿಲಿಗೆ ಬವಳಿ ಬಿದ್ದವನು,
ಎರಡು ಬೆರಳಿಗೆ ಹೊಲಿಗೆ ಬಿದ್ದವನು,
ಇವರನ್ನೆಲ್ಲ ಶನಿವಾರ ಬೆಳಿಗ್ಗೆ ಐದಕ್ಕೆ
ಬಸ್ಸಿನ ಸಾಲಿನಲ್ಲಿ ಎದ್ದು ನಿಲ್ಲಿಸುವ ಕಥೆ
ಬರೆಯುತ್ತ ಬಂದವನಿಗೆ
ಹೀರೋನ ಪಿತ್ತಕೋಶದ ಚಿಂತೆ ಯಾಕೆ ಬೇಕಿತ್ತು?

ಸಿನಿಮಾ ಮತ್ತೆ ಶುರುವಾಯಿತು.
ಹೀರೋ ಈಗ ಹಿಮದ ಬೆಟ್ಟದಲ್ಲಿ ಕುಣಿಯುತ್ತಿದ್ದ, ಅದೇ ತೊಡೆಯಲ್ಲಿ.
ದೇವಿಂದ್ರಪ್ಪ ನನ್ನ ಮೊಣಕೈ ತಟ್ಟಿದ.
"ಸರ, ಸ್ಕೇಲ್ ಅದೇನ್ರಿ? ಒಳಗ ತಿಂಡಿ ಎದ್ದದ."
ಸ್ಕೇಲು ಇರಲಿಲ್ಲ.
ಇಸುಬು ಅಡುಗೆಮನೆಗೆ ಹೋಗಿ ಸೌಟು ತಂದ.
ಅದರ ಹಿಡಿಯನ್ನು ಪ್ಲಾಸ್ಟರಿನ ಸಂದಿಗೆ ಮೆಲ್ಲಗೆ ಇಳಿಸಿ
ಕೆರೆದುಕೊಂಡ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು.
ಹಾಗೆ ಮಾಡಬಾರದು ಅಂತ ನಾನು ಹೇಳಬೇಕಿತ್ತು.
ಹಾಡು ಮುಗಿಯುವವರೆಗೆ
ನಾವು ನಾಲ್ಕೈದು ಜನ ಅವನ ಮುಖವನ್ನೇ ನೋಡುತ್ತಿದ್ದೆವು.